ಎಕನಾಮೆಟ್ರಿಕ್ಸ್ ಮೇಷ್ಟ್ರ ಕೆಲಸ ಅಂದ್ರೆ ಏನು? ಅಪ್ಪನಿಗೆ ಹೇಗೆ ಹೇಳಲಿ?

ಸಾಗರದ ಕೂಸು:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರದ ಹಳ್ಳಿ, ಮೂರು ಎಕರೆ ಅಡಿಕೆ ತೋಟ. ನಾನು ಶಂಕರಘಟ್ಟದಲ್ಲಿ ಅರ್ಥಶಾಸ್ತ್ರ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಅಂಕಿಅಂಶ ಹಿಡಿದು ಅರ್ಥಶಾಸ್ತ್ರದ ಪ್ರಶ್ನೆಗಳಿಗೆ ಉತ್ತರ ಹುಡುಕುವ ಎಕನಾಮೆಟ್ರಿಕ್ಸ್ ಪೇಪರ್ ಯಾಕೋ ತುಂಬಾ ಹಿಡಿಸಿದೆ. ಪಿಎಚ್.ಡಿ. ಮಾಡಿ ಅದನ್ನೇ ಪಾಠ ಮಾಡುವ ಆಸೆ. ಮನೆಯಲ್ಲಿ ಹೇಳಿದರೆ ಅಪ್ಪ "ಅದೆಂಥ ಮೆಟ್ರಿಕ್ಸು? ಸುಮ್ನೆ ಬ್ಯಾಂಕ್ ಪರೀಕ್ಷೆ ಬರಿ" ಅಂದರು. ವಿವರಿಸಲು ಹೋದೆ, ಎರಡು ವಾಕ್ಯಕ್ಕೆ ಮಾತು ನಿಂತಿತು. ಈ ಮೇಷ್ಟ್ರುಗಳು ದಿನವಿಡೀ ಏನು ಮಾಡುತ್ತಾರೆ? ಜೀವನ ಹೇಗಿರುತ್ತದೆ? ಇದೇ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮಂಡಿ ಹುಡುಗ:
ನಾನು ಶಿವಮೊಗ್ಗದಲ್ಲಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ನಾಳೆ ರಾಶಿ ಅಡಿಕೆ ರೇಟು ಏನಾಗುತ್ತೆ ಅಂತ ಹೇಳುವ ಮೇಷ್ಟ್ರಿದ್ದರೆ ನಂಬರ್ ಕೊಡಿ. ನಿಮ್ಮ ಪಿಎಚ್.ಡಿ. ಖರ್ಚು ನಮ್ಮ ಸಾಹುಕಾರರ ಕೈಲೇ ಕೊಡಿಸುತ್ತೇನೆ.

ತುಂಗೆ ದಡದ ಮೇಷ್ಟ್ರು:
ಮಂಡಿಯವರೇ, ಆ ನಂಬರ್ ನನ್ನ ಹತ್ತಿರವೂ ಇಲ್ಲ. ಮೂವತ್ತಮೂರು ವರ್ಷ ಇದೇ ಪಾಠ ಮಾಡಿ, ನಿವೃತ್ತಿಯಾಗಿ, ಈಗ ತೀರ್ಥಹಳ್ಳಿ ಕಡೆ ತೋಟದ ಮನೆಯಲ್ಲಿದ್ದೇನೆ. ನಾಳೆಯ ರೇಟು ಹೇಳಲು ಬಾರದ ಮೇಷ್ಟ್ರನ್ನು ನಮ್ಮೂರಿನವರು ಇನ್ನೂ ಕ್ಷಮಿಸಿಲ್ಲ.

ಕೂಸೇ, ಅಪ್ಪನ ಹತ್ತಿರ ಹೀಗೆ ಕೇಳಿ ನೋಡು. ಕೊಳೆ ರೋಗ ಜೋರಾಗಿ ಬಿದ್ದ ವರ್ಷ ಮಾಲು ಕಡಿಮೆ, ರೇಟು ಜಾಸ್ತಿ. ಇನ್ನೊಂದು ವರ್ಷ ಮಾಲೂ ಜಾಸ್ತಿ, ರೇಟೂ ಜಾಸ್ತಿ. ಹಾಗಾದರೆ ಮಾಲು ಜಾಸ್ತಿಯಾದರೆ ರೇಟು ಏರುತ್ತದೋ ಇಳಿಯುತ್ತದೋ? ಎರಡನ್ನೇ ಎದುರುಬದುರು ಬರೆದುಕೊಂಡು ಎಷ್ಟು ದಿಟ್ಟಿಸಿದರೂ ಗೊತ್ತಾಗುವುದಿಲ್ಲ. ಬೆಳೆಯುವವರೂ ಕೊಳ್ಳುವವರೂ ಹಗ್ಗ ಜಗ್ಗಿದ ಮೇಲೆ ಗಂಟು ನಿಂತ ಜಾಗ ಮಾತ್ರ ನಮಗೆ ಕಾಣುತ್ತದೆ. ಯಾರು ಎಷ್ಟು ಎಳೆದರು ಅಂತ ಕಾಣುವುದಿಲ್ಲ.

ಒಂದೇ ಕಡೆಯವರನ್ನು ಅಲುಗಿಸುವಂಥದ್ದು ಏನಾದರೂ ಬೇಕು. ನಮ್ಮಲ್ಲಿ ಅದು ಮಳೆ. ಪುಷ್ಯ ಮಳೆ ಬಿಡದೆ ಹೊಡೆದರೆ ಔಷಧಿ ಹೊಡೆಯುವ ಕೊನೆಗೌಡ ಮರ ಹತ್ತುವುದಿಲ್ಲ, ಕಲಸಿಟ್ಟ ಮೈಲುತುತ್ತ ಸುಣ್ಣ ಡ್ರಮ್ಮಿನಲ್ಲೇ ಉಳಿಯುತ್ತದೆ, ಕೊಳೆ ಬಂದು ಕಾಯಿ ಉದುರುತ್ತದೆ. ಆದರೆ ತೀರ್ಥಹಳ್ಳಿಯಲ್ಲಿ ಮಳೆ ಬಂತು ಅಂತ ಕಾನ್ಪುರದವರು ಪಾನ್ ಜಾಸ್ತಿ ಜಗಿಯುವುದಿಲ್ಲವಲ್ಲ. ಹಾಗಾಗಿ ಮಳೆಯಿಂದ ಎಷ್ಟು ಮಾಲು ಕಡಿಮೆಯಾಯಿತು, ಅಷ್ಟಕ್ಕೆ ರೇಟು ಎಷ್ಟು ಏರಿತು ಅಂತ ನೋಡಿದರೆ ಕೊಳ್ಳುವವರ ಸ್ವಭಾವ ಸಿಕ್ಕಿತು. ಇದಕ್ಕೆ ಇನ್‌ಸ್ಟ್ರುಮೆಂಟಲ್ ವೇರಿಯಬಲ್ ಅನ್ನುತ್ತಾರೆ, ನೀನು ಓದಿರುತ್ತೀಯ. 1928ರಲ್ಲಿ ಅಮೆರಿಕದ ಫಿಲಿಪ್ ರೈಟ್, ಎಣ್ಣೆಗಳ ಮೇಲಿನ ಸುಂಕದ ಬಗ್ಗೆ ಬರೆದ ಪುಸ್ತಕದ ಅನುಬಂಧದಲ್ಲಿ ಬೆಣ್ಣೆ ಮತ್ತು ಅಗಸೆಬೀಜದ ಲೆಕ್ಕ ಹಿಡಿದು ಇದನ್ನು ತೋರಿಸಿಕೊಟ್ಟರು. ಅನುಬಂಧ ಯಾರು ಓದುತ್ತಾರೆ? ಎಷ್ಟೋ ವರ್ಷ ಅದು ಮೂಲೆಯಲ್ಲೇ ಬಿದ್ದಿತ್ತು.

ನನಗೆ ಈ ಹುಚ್ಚು ಹಿಡಿಸಿದ್ದು ನಮ್ಮ ಅಪ್ಪಯ್ಯನ ಲೆಕ್ಕದ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಉದ್ದನೆಯದು. ಎಡಕ್ಕೆ ತೂಕ, ಬಲಕ್ಕೆ ರೂಪಾಯಿ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ಪುಷ್ಯ ಬಿಡಲಿಲ್ಲ. ಎರಡನೇ ಔಷಧಿ ತಪ್ಪಿತು." ಅದನ್ನು ಟ್ರಂಕಿನಲ್ಲಿ ಹಾಕಿಕೊಂಡು 1979ರಲ್ಲಿ ದೆಹಲಿಗೆ ಪಿಎಚ್.ಡಿ.ಗೆ ಹೋದೆ. ಆಗ ಪಂಚ್ ಕಾರ್ಡಿನ ಕಾಲ. ರಾತ್ರಿ ಕಟ್ಟು ಕೊಟ್ಟರೆ ಮರುದಿನ ಪ್ರಿಂಟ್ ಬರುತ್ತಿತ್ತು. ಒಂದು ಕಾಮಾ ತಪ್ಪಿದ್ದರೆ ಪ್ರಿಂಟಿನಲ್ಲಿ ಬರುತ್ತಿದ್ದದ್ದು ಬರೀ ಎರರ್.

ಮೊದಲ ವರ್ಷ ಮಾಡಿದ ಸಾಹಸ ಕೇಳು. ಅಡಿಕೆ ರೇಟಿಗೂ ಸ್ಕೂಟರ್ ಸಂಖ್ಯೆಗೂ ರಿಗ್ರೆಷನ್ ಹಾಕಿದೆ, ಅಂದರೆ ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ. ಎರಡೂ ಎಷ್ಟು ಹೊಂದುತ್ತವೆ ಅಂತ ಹೇಳುವ ಆರ್-ಸ್ಕ್ವೇರ್, ಪೂರ್ತಿ ಹೊಂದಿಕೆ ಅನ್ನುವ ಒಂದಕ್ಕೆ ತಾಗಿಕೊಂಡಿತ್ತು! ಕುಣಿಯುತ್ತಾ ಹೋಗಿ ಗೈಡ್‌ಗೆ ತೋರಿಸಿದೆ. ಅವರು, "ಸ್ಕೂಟರೂ ಅಡಿಕೆ ಜಗಿಯುತ್ತಾ?" ಅಂದರು. ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ನೆಂಟಸ್ತನ ಇಲ್ಲದಿದ್ದರೂ ಇದ್ದಂತೆ ಕಾಣುತ್ತದೆ. ಗ್ರೇಂಜರ್ ಮತ್ತು ನ್ಯೂಬೋಲ್ಡ್ ಅನ್ನುವ ಅರ್ಥಶಾಸ್ತ್ರಜ್ಞರು 1974ರಲ್ಲೇ ಇದನ್ನು ಬರೆದಿದ್ದರು. ನಾನು ಓದಿರಲಿಲ್ಲ, ಅಷ್ಟೇ. ಅದೇ ಗ್ರೇಂಜರ್‌ಗೆ 2003ರಲ್ಲಿ ನೊಬೆಲ್ ಬಂದಾಗ ನನಗೆ ನೆನಪಾದದ್ದು ಸ್ಕೂಟರ್.

ದೊಡ್ಡ ಪೆಟ್ಟು ಬಿದ್ದದ್ದು ಮೂರನೇ ವರ್ಷ. ರೇಟು ಒಂದು ವರ್ಷ ಇದ್ದಕ್ಕಿದ್ದಂತೆ ಜಿಗಿದಿತ್ತು. ಅದಕ್ಕೆ ಕಾರಣ ಹುಡುಕಿ ಇಡೀ ಅಧ್ಯಾಯ ಬರೆದೆ, ಅರವತ್ತು ಪುಟ. ದೀಪಾವಳಿಗೆ ಊರಿಗೆ ಬಂದವನು ಪ್ರಿಂಟನ್ನು ಜಗಲಿಯಲ್ಲಿ ಹರವಿಕೊಂಡಿದ್ದೆ. ಅಪ್ಪಯ್ಯ ಕವಳ ಹಾಕಿಕೊಂಡು ಬಂದು, ಬಗ್ಗಿ ನೋಡಿ, ಸುಣ್ಣ ಹತ್ತಿದ ಬೆರಳನ್ನು ಅದೇ ಜಾಗದ ಮೇಲಿಟ್ಟು, "ಇದು ಬೆಟ್ಟೆ ರೇಟಲ್ವನಾ? ಆ ವರ್ಷ ರಾಶಿಗೆ ಇಷ್ಟು ಎಲ್ಲಿತ್ತು?" ಅಂದರು. ರಾಶಿ, ಬೆಟ್ಟೆ ಅಂದರೆ ಅಡಿಕೆಯ ಎರಡು ಬಗೆ, ರೇಟು ಬೇರೆ ಬೇರೆ. ನಾನು ಅಂಕಿ ತೆಗೆದುಕೊಂಡ ರಿಜಿಸ್ಟರಿನಲ್ಲಿ ಬರೀ "ಅಡಿಕೆ" ಅಂತಿತ್ತು. ಅಲ್ಲಿಯವರೆಗೆ ರಾಶಿ, ಅಲ್ಲಿಂದ ಮುಂದೆ ಬೆಟ್ಟೆ. ನಾನು ಕೇಳದೆ ಎರಡನ್ನೂ ಒಂದೇ ಸಾಲಿಗೆ ಸೇರಿಸಿದ್ದೆ. ಅರವತ್ತು ಪುಟ ಬಚ್ಚಲ ಒಲೆಗೆ ಹೋಯಿತು. ಸುಣ್ಣದ ಗುರುತಿದ್ದ ಆ ಒಂದು ಹಾಳೆ ಇಟ್ಟುಕೊಂಡಿದ್ದೇನೆ.

ಉಳಿದದ್ದು ಹೇಳುವಂಥದ್ದೇನಿಲ್ಲ. ಬೆಳಿಗ್ಗೆ ಬೋರ್ಡಿನ ಮೇಲೆ ಮ್ಯಾಟ್ರಿಕ್ಸ್, ಅರ್ಧ ಕ್ಲಾಸಿಗೆ ಹೆದರಿಕೆ, ಇನ್ನರ್ಧಕ್ಕೆ ನಿದ್ದೆ. ವ್ಯಾಲ್ಯುಯೇಷನ್, ಮೀಟಿಂಗ್. ಒಂದು ಪೇಪರ್ ಅಚ್ಚಾಗಲು ನಾಲ್ಕು ವರ್ಷ, ಅದರಲ್ಲಿ ಎರಡು ಸಲ ವಾಪಸ್. ನನ್ನ ಜೊತೆ ಓದಿ ಬ್ಯಾಂಕ್ ಸೇರಿದವರು ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆದಾಗ ನಾನಿನ್ನೂ ಫೆಲೋಶಿಪ್ಪಿನಲ್ಲಿದ್ದೆ. ಈ ವಿಷಯದಲ್ಲಿ ನಿಮ್ಮ ಅಪ್ಪ ಹೇಳುವುದು ಸುಳ್ಳಲ್ಲ. ಕೆಲಸ ಸಿಕ್ಕ ಮೇಲೆ ಸಂಬಳಕ್ಕೇನೂ ತೊಂದರೆಯಿಲ್ಲ, ಸಿಗುವವರೆಗೆ ಮನೆಯವರು ತಡೆದುಕೊಳ್ಳಬೇಕು.

ರಿಸರ್ಚ್ ಮಾಡುವವನು:
ಮೇಷ್ಟ್ರು ಹೇಳಿದ ಮೇಲೆ ನನ್ನದೇನು, ಆದರೂ ಈಗಿನ ಕಾಲದ್ದು ಎರಡು ಮಾತು. ಅಧ್ಯಾಪಕರಾಗಲು ಬೇಕಾದ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆ-ಸೆಟ್ ಈಗಲೇ ಬರೆಯಿರಿ. ಲೀನಿಯರ್ ಆಲ್ಜೀಬ್ರಾ ಗಟ್ಟಿ ಮಾಡಿಕೊಳ್ಳಿ, ನಾನು ಮಾಡಿಕೊಳ್ಳದೆ ಒಂದು ವರ್ಷ ಒದ್ದಾಡಿದೆ. ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ, ಆರ್ ಪುಕ್ಕಟೆ ಸಿಗುತ್ತದೆ. ಮಾರುಕಟ್ಟೆ ರೇಟುಗಳು ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿವೆ, ಬಗೆವಾರು ನೋಡಿ ಇಳಿಸಿಕೊಳ್ಳಿ. ಬೆಟ್ಟೆ ಕಥೆ ಮರೆಯಬೇಡಿ!

ಅಪ್ಪನಿಗೆ ಹೇಳಲು ಒಂದು: 1969ರಲ್ಲಿ ಅರ್ಥಶಾಸ್ತ್ರಕ್ಕೆ ಮೊದಲ ಸಲ ನೊಬೆಲ್ ಕೊಟ್ಟಾಗ ಅದು ಹೋಗಿದ್ದು ಎಕನಾಮೆಟ್ರಿಕ್ಸ್‌ನವರಿಗೇ, ಫ್ರಿಶ್ ಮತ್ತು ಟಿನ್‌ಬರ್ಗನ್. ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಹುದು ಅಂತ ಮಿತಿ ಹೇಳುವ ಕ್ರಾಮರ್-ರಾವ್ ಸೂತ್ರ ನಿಮ್ಮ ಪುಸ್ತಕದಲ್ಲಿ ಇದೆಯಲ್ಲ, ಆ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ.

ಸಾಗರದ ಕೂಸು:
ಎಲ್ಲವನ್ನೂ ರಾತ್ರಿ ಊಟವಾದ ಮೇಲೆ ಅಪ್ಪನಿಗೆ ಓದಿ ಹೇಳಿದೆ. ನೊಬೆಲ್‌ಗೆ ಹ್ಞೂಂ ಅಂದರು. ಬೆಟ್ಟೆ ಜಾಗಕ್ಕೆ ಬಂದಾಗ ನಕ್ಕರು. ಆಮೇಲೆ ಮಳೆ ಲೆಕ್ಕ ಇನ್ನೊಂದು ಸಲ ಓದಿಸಿ, "ಇಲ್ಲಿ ಮಳೆ ಜೋರು ಅಂತ ಸುದ್ದಿ ಹೋದರೆ ಕಾನ್ಪುರದವ ಜಗಿಯುವುದು ಹಾಗಿರಲಿ, ಮೊದಲೇ ಕೊಂಡು ಗೋದಾಮಿನಲ್ಲಿ ಇಟ್ಟುಕೊಳ್ಳುವುದಿಲ್ವಾ? ಕೇಳು ನಿನ್ನ ಮೇಷ್ಟ್ರನ್ನ" ಅಂದರು. ಏನು ಹೇಳಲಿ ಸರ್?

ತುಂಗೆ ದಡದ ಮೇಷ್ಟ್ರು:
ಅಯ್ಯೋ ಮಾರಾಯ್ತಿ, ನನ್ನ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಇದನ್ನೇ. ಮಳೆ ಕೊಳ್ಳುವವರನ್ನೂ ಅಲುಗಿಸಿದರೆ ನನ್ನ ಲೆಕ್ಕ ಬಿದ್ದುಹೋಗುತ್ತದೆ. ದಾಸ್ತಾನಿನ ಅಂಕಿ ಇಲ್ಲದೆ ಉತ್ತರ ಕೊಡಲು ಬರುವುದಿಲ್ಲ. ಆಗ ನನಗೆ ಸಿಕ್ಕಿರಲಿಲ್ಲ, ಏನೋ ಹೇಳಿ ತಪ್ಪಿಸಿಕೊಂಡೆ. ಮಂಡಿಯವರೇ, ನಿಮ್ಮಲ್ಲಿ ಹಳೇ ದಾಸ್ತಾನು ಪುಸ್ತಕ ಇವೆಯಾ?

ಮಂಡಿ ಹುಡುಗ:
ಅಟ್ಟದ ಮೇಲೆ ಎರಡು ಮೂಟೆ ಇದೆ ಸರ್. ಅರ್ಧ ಗೆದ್ದಲು ತಿಂದಿದೆ. ಸಾಹುಕಾರರನ್ನು ಕೇಳಿ ಹೇಳುತ್ತೇನೆ. ಭಾನುವಾರ ಬಂದರೆ ಒಳ್ಳೆಯದು, ಅವತ್ತು ವ್ಯಾಪಾರ ಇರುವುದಿಲ್ಲ.