ಸ್ಟ್ಯಾನ್ಲಿಯ ಆಫ್ರಿಕಾ ಪುಸ್ತಕ, 1890: ಚಿತ್ರ, ನಕ್ಷೆ ಪೂರ್ತಿ ಇವೆಯೇ ಅಂತ ನೋಡುವುದು ಹೇಗೆ?

ಮಾಟುಂಗಾ ಓದುಗ:
ಮುಂಬೈಯ ಚೋರ್ ಬಜಾರಿನಲ್ಲಿ ಆಫ್ರಿಕಾ ಅನ್ವೇಷಕ ಸ್ಟ್ಯಾನ್ಲಿಯ 'ಇನ್ ಡಾರ್ಕೆಸ್ಟ್ ಆಫ್ರಿಕಾ' ಎರಡು ಸಂಪುಟ ಮಾರಾಟಕ್ಕಿದೆ. ಲಂಡನ್, 1890. ಬಟ್ಟೆ ರಟ್ಟು, ಬೆನ್ನು ಸ್ವಲ್ಪ ಸಡಿಲ. ಒಂದು ಸಂಪುಟದ ಹಿಂದಿನ ರಟ್ಟಿನ ಒಳಜೇಬು ಖಾಲಿ. ಉಳಿದದ್ದು ಸರಿಯಿದೆಯೇ ಅಂತ ಅಂಗಡಿಯಲ್ಲೇ ನಿಂತು ನೋಡುವ ಬಗೆ ಯಾವುದು? ತಂದಮೇಲೆ ಮಳೆಗಾಲದಲ್ಲಿ ಹೇಗೆ ಇಡಬೇಕು?

ದಾದರ್ ಪಶ್ಚಿಮ:
ಜೇಬು ಖಾಲಿ ಅಂದರೆ ಮಡಚುವ ನಕ್ಷೆ ಹೋಗಿದೆ, ಬೆಲೆ ಅಲ್ಲೇ ಇಳಿಯಬೇಕು. ಪುಟಸಂಖ್ಯೆ ಸರಿಯಾಗಿ ಓಡುತ್ತಿದೆ ಅಂತ ಸಮಾಧಾನಪಟ್ಟುಕೊಳ್ಳಬೇಡಿ. ಬೇರೆಯಾಗಿ ಅಚ್ಚುಹಾಕಿ ಸೇರಿಸಿದ ಪ್ಲೇಟಿಗೆ, ಅಂದರೆ ಚಿತ್ರದ ಹಾಳೆಗೆ, ಪುಟಸಂಖ್ಯೆ ಇರುವುದಿಲ್ಲ. ಹತ್ತು ಹರಿದುಹೋಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಮುಂಭಾಗದ ಚಿತ್ರಗಳ ಪಟ್ಟಿಯ ಫೋಟೊ ತೆಗೆದು, ಒಂದೊಂದನ್ನೇ ಹುಡುಕಿ ಗುರುತು ಹಾಕಿ. ಶೀರ್ಷಿಕೆ ಪುಟದಲ್ಲಿ 150 ಚಿತ್ರ, ನಕ್ಷೆ ಅಂತಿದೆ. ಅದರಲ್ಲಿ ಪಠ್ಯದ ನಡುವೆ ಬರುವ ಸಣ್ಣ ಚಿತ್ರಗಳೂ ಸೇರಿವೆ. ಕಳವಾಗುವುದು ಇಡೀ ಪುಟದವು, ಏಕೆಂದರೆ ಅವುಗಳಿಗೆ ಫ್ರೇಮ್ ಹಾಕಿ ಮಾರಬಹುದು.

ಪುಸ್ತಕವನ್ನು ಅರ್ಧವಷ್ಟೇ ತೆರೆದು ಹೊಲಿಗೆಯ ಬುಡ ನೋಡಿ. ಚಿತ್ರ ಕದ್ದಿದ್ದರೆ ಬ್ಲೇಡಿನಲ್ಲಿ ಕತ್ತರಿಸಿದ ಎರಡು ಮೂರು ಮಿಲಿಮೀಟರ್ ಅಂಚು ಉಳಿದಿರುತ್ತದೆ. ಬರೀ ಅಕ್ಷರವಿರುವ ಪುಟದ ಮೇಲೆ ಆಯತಾಕಾರದ ಕಂದು ನೆರಳು ಕಂಡರೆ ಎದುರಿಗೆ ಒಂದು ಚಿತ್ರ ಇತ್ತು ಅಂತಲೇ.

ಆಮೇಲೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿ, ಅಕ್ಕಸಾಲಿಗರು ಬಳಸುವಂಥದು. ಮರದ ಅಚ್ಚಿನ ಚಿತ್ರದಲ್ಲಿ ಗೆರೆ ಗೆರೆಯಾಗಿಯೇ ಇರುತ್ತದೆ, ಅಂಚು ಚೂಪು. ಗೆರೆಯೇ ಒಡೆದು ಸಾಲುಸಾಲು ಚುಕ್ಕೆಯಾದರೆ ಅದು ಫೋಟೊದಿಂದ ಮಾಡಿದ ನಕಲು ಹಾಳೆ. ಇನ್ನೊಬ್ಬ ಆಫ್ರಿಕಾ ಅನ್ವೇಷಕ ಲಿವಿಂಗ್‌ಸ್ಟನ್‌ನ 1857ರ ಪುಸ್ತಕ ಎಂದು ಕೊಟ್ಟದ್ದರಲ್ಲಿ ಹೀಗೆ ಕಂಡರಂತೂ ಕೈಬಿಡಿ, ಚಿತ್ರವನ್ನು ಚುಕ್ಕೆಗಳಾಗಿ ಒಡೆದು ಅಚ್ಚುಹಾಕುವ ಆ ವಿಧಾನ ಆಗ ಬಳಕೆಗೇ ಬಂದಿರಲಿಲ್ಲ.

ಇನ್ನೊಂದು ಮಾತು, ಈ ಪುಸ್ತಕದ ಸಾಮಾನ್ಯ ಆವೃತ್ತಿ ಅಪರೂಪವಲ್ಲ. ಸ್ಟ್ಯಾನ್ಲಿ ಸಹಿ ಮಾಡಿದ 250 ಪ್ರತಿಗಳ ವಿಶೇಷ ಆವೃತ್ತಿಯದ್ದೇ ಬೇರೆ. ನಕ್ಷೆಯಿಲ್ಲದ ಪ್ರತಿಗೆ ಪೂರ್ತಿ ಪ್ರತಿಯ ದುಡ್ಡು ಕೊಡಲೇಬೇಡಿ.

ಕೋಥ್ರೂಡ್ ಪುಸ್ತಕಪ್ರೇಮಿ:
ತಂದ ದಿನವೇ ಕಪಾಟಿಗೆ ಸೇರಿಸಬೇಡಿ, ಹುಳ ಉಳಿದ ಪುಸ್ತಕಗಳಿಗೂ ಹಬ್ಬುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮೈನಸ್ 18-20 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬೇಗ ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ. ಬೂಷ್ಟು ಇದರಿಂದ ಸಾಯುವುದಿಲ್ಲ. ಅದಕ್ಕೆ ಮೊದಲು ಪುಸ್ತಕ ಒಣಗಬೇಕು, ನಂತರ ಮಾಸ್ಕ್ ಹಾಕಿಕೊಂಡು ಬಯಲಲ್ಲಿ ಮೆತ್ತನೆ ಬ್ರಷ್ಷಿನಿಂದ ಝಾಡಿಸಿ. ಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗಿ ಬಣ್ಣ ಹೋಗುತ್ತದೆ.

ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟು ಬೇಡ. ಗೋಡೆಯಿಂದ ನಾಲ್ಕು ಬೆರಳು ಜಾಗ ಬಿಡಿ. ಕಪಾಟಿನಲ್ಲೊಂದು ತೇವಮಾಪಕ ಇಟ್ಟು, 60 ಶೇಕಡಾ ದಾಟುವುದರೊಳಗೆ ತೇವ ಹೀರುವ ಸಿಲಿಕಾ ಜೆಲ್ ಬದಲಾಯಿಸಿ.

ಬೆನ್ನು ಸರಿಪಡಿಸಲು ಕೊಟ್ಟರೆ ಬೈಂಡರಿಗೆ ಬಾಯಿಬಿಟ್ಟು ಹೇಳಿ, ಅಂಟಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಬಾರದು. ಹುಳ ಬಾರದಿರಲಿ ಅಂತ ಮೈದಾ ಅಂಟಿಗೆ ಬೆರೆಸುವ ರೂಢಿಯಿದೆ, ಆದರೆ ಅದರ ತಾಮ್ರ ಕಾಗದವನ್ನು ಕಂದಾಗಿಸಿ ಪುಡಿಪುಡಿ ಮಾಡುತ್ತದೆ. ನಕ್ಷೆ ಹರಿಯುವುದು ಎರಡು ಮಡಿಕೆ ಕೂಡುವ ಮೂಲೆಯಲ್ಲಿ. ಅಲ್ಲಿ ಹಿಂಬದಿಗೆ ತೆಳು ಜಪಾನಿ ಕಾಗದ, ಬರೀ ಗೋಧಿ ಪಿಷ್ಟದ ಅಂಟು ಸಾಕು. ಸೆಲ್ಲೋಟೇಪು ಬೇಡವೇ ಬೇಡ.

ಮಡಗಾಂವ್ ಕನ್ನಡಿಗ:
ಗೋವಾ ಕಡೆ ಬಂದರೆ ಪೋರ್ಚುಗೀಸ್ ಆಫ್ರಿಕಾದ ಪುಸ್ತಕಗಳನ್ನೂ ನೋಡಿ. ಪೋರ್ಚುಗೀಸ್ ಅನ್ವೇಷಕರಾದ ಕಪೆಲೊ ಮತ್ತು ಇವೆನ್ಸ್ ಅಂಗೋಲಾ ಪ್ರವಾಸದ ಬಗ್ಗೆ ಬರೆದ ಎರಡು ಸಂಪುಟ 1881ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. ಆ ಕಾಲದ ಪೋರ್ಚುಗೀಸ್ ಪುಸ್ತಕಗಳು ಎಷ್ಟೋ ಸಲ ಕಾಗದದ ಹೊದಿಕೆಯಲ್ಲೇ ಬರುತ್ತಿದ್ದವು, ರಟ್ಟು ಕಟ್ಟಿಸುವುದು ಕೊಂಡವರ ಪಾಲು. ಹಾಗಾಗಿ ಮೂಲ ಹೊದಿಕೆಯನ್ನು ಒಳಗೆ ಸೇರಿಸಿ ಹೊಲಿದಿದ್ದಾರೆಯೇ, ಅಂಚು ಸವರುವಾಗ ಚಿತ್ರದ ಕೆಳಗಿನ ಬರಹ ಕತ್ತರಿಸಿಹೋಗಿದೆಯೇ ಅಂತ ನೋಡಿ. ಗ್ರಂಥಾಲಯದ ಮುದ್ರೆಯಿದ್ದು ರದ್ದು ಮಾಡಿದ ಗುರುತು ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಮಾಟುಂಗಾ ಓದುಗ:
ಧನ್ಯವಾದ ಎಲ್ಲರಿಗೂ. ಲೂಪ್ ತೆಗೆದುಕೊಂಡು, ಪಟ್ಟಿ ಹಿಡಿದೇ ಹೋಗುತ್ತೇನೆ.