ಓದಲು ತಡವರಿಸುವ ಮಕ್ಕಳಿಗೆ ಕಣ್ಣು, ಕಿವಿ, ಕೈ ಸೇರಿಸಿ ಕಲಿಸುವುದು: ಶಿಕ್ಷಕರ ತರಬೇತಿ ಹೇಗಿರಬೇಕು?

ಸಿಆರ್‌ಪಿ, ಮಂಡ್ಯ: ನಾನು ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಸಂಪನ್ಮೂಲ ವ್ಯಕ್ತಿ. ನಮ್ಮ ಕ್ಲಸ್ಟರಿನಲ್ಲಿ 4, 5ನೇ ತರಗತಿಗೆ ಬಂದರೂ ಗುಣಿತಾಕ್ಷರದಲ್ಲೇ ನಿಂತುಹೋದ ಮಕ್ಕಳಿದ್ದಾರೆ. ಒಂಬತ್ತು ಮಂದಿ ಶಿಕ್ಷಕರಿಗೆ ಬಹುಸಂವೇದನಾ ಓದಿನ ತರಬೇತಿ ಕೊಡಬೇಕು. ಶನಿವಾರ ಎರಡು ಗಂಟೆ ಸಿಗುತ್ತದೆ. ಕೈಯಲ್ಲಿರುವ ಸಾಮಗ್ರಿಯೆಲ್ಲ ಇಂಗ್ಲಿಷಿನದು. ಅನುಭವ ಇದ್ದವರು ತಿಳಿಸಿ.

ವಿಶೇಷ ಶಿಕ್ಷಕಿ, ಮೈಸೂರು: ಸರ್, ಆ ಸಾಮಗ್ರಿಯನ್ನು ಹಾಗೇ ಕನ್ನಡಕ್ಕೆ ಇಳಿಸಬೇಡಿ. ಇಂಥ ಬೋಧನೆಗೆ ಹೆಸರಾದ ಆರ್ಟನ್–ಗಿಲ್ಲಿಂಗ್‌ಹ್ಯಾಮ್ ಪದ್ಧತಿ 1930ರ ದಶಕದಲ್ಲಿ ಅಮೆರಿಕದಲ್ಲಿ ಇಂಗ್ಲಿಷ್ ಓದಿಗಾಗಿ ಬೆಳೆದದ್ದು. ಅದರಿಂದ ತೆಗೆದುಕೊಳ್ಳಬೇಕಾದ್ದು ಶಿಸ್ತು: ಸುಲಭದಿಂದ ಕಠಿಣಕ್ಕೆ ಹೋಗುವುದು, ಕಲಿತದ್ದನ್ನು ದಿನಾ ತಿರುಗಿಸುವುದು. ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಸಿದ ಮಾತ್ರಕ್ಕೆ ಓದು ಬರುವುದಿಲ್ಲ.

ಮೊದಲ ಶನಿವಾರ ಉಪನ್ಯಾಸ ಬೇಡ. ಯಾವ ಲಿಪಿಯಲ್ಲೂ ಇಲ್ಲದ ಆರು ಗುರುತು ಬರೆದು, ಒಂದೊಂದಕ್ಕೆ ಒಂದು ಧ್ವನಿ ಕೊಟ್ಟು, ಶಿಕ್ಷಕರಿಂದಲೇ ಪದ ಓದಿಸಿ. ಮಗು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ.

ಆಮೇಲೆ ಮೂವರ ಗುಂಪು. ಒಬ್ಬರು ಶಿಕ್ಷಕರು, ಒಬ್ಬರು ಮಗು, ಇನ್ನೊಬ್ಬರು ನೋಡಿ ಬರೆದುಕೊಳ್ಳುವವರು. ಪಾಠ ಇಪ್ಪತ್ತೇ ನಿಮಿಷ: 3 ನಿಮಿಷ ಹಳೆಯ ಕಾರ್ಡು, 5 ಹೊಸ ಅಕ್ಷರ, 5 ಪದ ಕಟ್ಟುವುದು, 4 ಉಕ್ತಲೇಖನ, 3 ಓದು. ನೋಡುವವರು ಗಮನಿಸಬೇಕಾದ್ದು ಮುಖ್ಯವಾಗಿ ಒಂದು: ಬೆರಳು ಓಡುತ್ತಿರುವಾಗಲೇ ಬಾಯಿ ಧ್ವನಿ ಹೇಳುತ್ತಿದೆಯೇ? ಬರೆದು ಮುಗಿಸಿ ಆಮೇಲೆ ಹೇಳಿಸಿದರೆ ಅದು ಬರೀ ಚಿತ್ರ ಬಿಡಿಸಿದ ಹಾಗೆ.

ನಲಿಕಲಿ ಶಿಕ್ಷಕ, ಮಳವಳ್ಳಿ: ಮೇಡಂ ಹೇಳಿದ್ದು ಸರಿ. ಅಕ್ಷರಕ್ರಮಕ್ಕೆ ಹೊಸದೇನೂ ಹುಡುಕಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಆಡುತ್ತಾ ಕಲಿಸುವ ನಲಿಕಲಿ ಪದ್ಧತಿಯ ‘ರ ಗ ಸ ದ ಅ’ ಸಾಕು. ಐದೇ ಅಕ್ಷರಕ್ಕೆ ಸರ, ದರ, ಅಗಸ, ಅರಸ, ಗರಗಸ ಎಲ್ಲ ಸಿಗುತ್ತವೆ.

ಗುಣಿತದ ಕಾರ್ಡಿನಲ್ಲಿ ಒಂದು ಎಚ್ಚರಿಕೆ. ಪೂರ್ತಿ ‘ಗ’ ಬರೆದ ಕಾರ್ಡಿನ ಮೇಲೆ ಗುಡಿಸು ಇಡಿಸಿದರೆ ತಲೆಕಟ್ಟು ಹಾಗೇ ಉಳಿಯುತ್ತದೆ, ಮಗು ನೋಟ್‌ಬುಕ್ಕಿನಲ್ಲೂ ಎರಡನ್ನೂ ಬರೆಯುತ್ತದೆ. ತಲೆಕಟ್ಟಿಲ್ಲದ ರೂಪವನ್ನು ರಟ್ಟಿನಲ್ಲಿ ಕತ್ತರಿಸಿ, ತಲೆಕಟ್ಟು, ಇಳಿ, ಗುಡಿಸು, ಏತ್ವಗಳನ್ನು ಕೆಂಪು ತುಂಡುಗಳಾಗಿ ಬೇರೆ ಇಡಿ. ತಲೆಕಟ್ಟು ತೆಗೆದು ಗುಡಿಸು ಇಡುತ್ತಾ ‘ಗ್, ಇ, ಗಿ’ ಎನ್ನಲಿ. ಕೊಂಬಿಗೆ ತಲೆಕಟ್ಟು ಉಳಿಯುವುದರಿಂದ ‘ಗು’ ಬೇರೆ ದಿನಕ್ಕಿರಲಿ.

ಒತ್ತಕ್ಷರ ಅಕ್ಕ, ಅಪ್ಪ, ಹಗ್ಗದಿಂದ ಶುರುವಾಗಲಿ. ಅಲ್ಲಿ ಒತ್ತು ಮೂಲಾಕ್ಷರವನ್ನೇ ಹೋಲುತ್ತದೆ. ತ, ಮ, ನ, ಯ, ರ, ಲ ಒತ್ತುಗಳು ಹಾಗಲ್ಲ, ಒಂದೊಂದಾಗಿ ಬೇಕು. ಅರ್ಕಾವತ್ತು (‘ಸೂಯ೯’ದಲ್ಲಿ ‘ರ್’ ಬದಲು ಬರುವ ‘೯’ ಗುರುತು) ಕಟ್ಟಕಡೆಗೆ: ಮೊದಲು ಉಚ್ಚರಿಸುವುದನ್ನು ನಂತರ ಬರೆಯುವುದರಿಂದ ‘ಸೂರ್ಯ’ ಹೋಗಿ ‘ಸೂಯ್ರ’ ಆಗುತ್ತದೆ.

ಮರಳು ಜರಡಿ ಹಿಡಿದು ಅರ್ಧ ಸೆಂಟಿಮೀಟರಿನಷ್ಟೇ ಹರಡಿ. ಹೆಚ್ಚಾದರೆ ಅಂಚು ಕುಸಿದು ಅಕ್ಷರದ ಸುಳಿ ಮುಚ್ಚಿಹೋಗುತ್ತದೆ. ತಳಕ್ಕೆ ಕಪ್ಪು ಕಾಗದ ಅಂಟಿಸಿದರೆ ಗೆರೆ ಎದ್ದು ಕಾಣುತ್ತದೆ.

ವಾಕ್ ಶ್ರವಣ ತಜ್ಞೆ, ಮೈಸೂರು: ನಮ್ಮ ಕಡೆ ‘ಹಾವು’ ಮನೆಮಾತಿನಲ್ಲಿ ‘ಆವು’. ಮಗು ಹಾಗೆ ಓದಿದರೆ ಅದನ್ನು ಓದಿನ ತೊಂದರೆ ಎಂದು ದಯವಿಟ್ಟು ಬರೆಯಬೇಡಿ, ಗದರಲೂ ಬೇಡಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ ‘ಹ’ ಅನ್ನಿಸಿ, ಉಸಿರು ತಾಕುತ್ತದೆ. ಕ, ಖ ವ್ಯತ್ಯಾಸಕ್ಕೆ ತುಟಿಯ ಮುಂದೆ ತೆಳ್ಳನೆಯ ಕಾಗದದ ಪಟ್ಟಿ ಹಿಡಿದರೆ ‘ಖ’ಕ್ಕೆ ಜೋರಾಗಿ ಅಲ್ಲಾಡುತ್ತದೆ.

ಎಲ್ಲಕ್ಕಿಂತ ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ. ಕಿವಿ ಮಂದವಿರುವ ಮಗುವಿಗೆ ಎಷ್ಟು ಕಾರ್ಡು ತೋರಿಸಿದರೂ ಧ್ವನಿಭೇದ ಸಿಗುವುದಿಲ್ಲ. ಕಲಿಕಾ ನ್ಯೂನತೆಯ ಅನುಮಾನವಿದ್ದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿ. ಶಾಲೆಯಲ್ಲೇ ಹಣೆಪಟ್ಟಿ ಹಚ್ಚಬಾರದು.

ಸಿಆರ್‌ಪಿ, ಮಂಡ್ಯ: ತುಂಬಾ ಉಪಕಾರವಾಯಿತು. ಪ್ರಗತಿ ದಾಖಲಿಸುವುದು ಹೇಗೆ?

ವಿಶೇಷ ಶಿಕ್ಷಕಿ, ಮೈಸೂರು: ಹದಿನೈದು ದಿನಕ್ಕೊಮ್ಮೆ ಹತ್ತು ಪದದ ಉಕ್ತಲೇಖನ. ಅಂಕ ಹಾಕಬೇಡಿ, ತಪ್ಪನ್ನು ವಿಂಗಡಿಸಿ: ದೀರ್ಘ, ಒತ್ತು, ಮಹಾಪ್ರಾಣ, ಹೋಲುವ ಅಕ್ಷರ. ಯಾವ ಕಲಂ ತುಂಬುತ್ತದೋ ಮುಂದಿನ ಎರಡು ವಾರದ ಕಾರ್ಡು ಅದರದ್ದೇ.