ತಾತನ ಸ್ಟಾರ್ ಟ್ರೆಕ್, ಮೊಮ್ಮಗಳ ನಗು: ಯಾವ ಕಂತಿನಿಂದ ಶುರು ಮಾಡೋಣ?

ಪ್ರಶ್ನೆ, ಮೈಸೂರಿನಿಂದ:

ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ ಅಮೆರಿಕದ ಹಳೆಯ ಬಾಹ್ಯಾಕಾಶ ಧಾರಾವಾಹಿ ‘ಸ್ಟಾರ್ ಟ್ರೆಕ್’ ಎಂದರೆ ನಮ್ಮ ತಂದೆಗೆ ಪ್ರಾಣ. ಆ ಹುಚ್ಚು ನನಗೂ ಅವರಿಂದಲೇ ಅಂಟಿತು. ಈಗ ಅವರು ನಮ್ಮ ಜೊತೆಗೇ ಇದ್ದಾರೆ. ಆರನೆಯ ತರಗತಿಯ ನನ್ನ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಮತ್ತೆ ನೋಡಬೇಕೆಂದು ಇಬ್ಬರಿಗೂ ಆಸೆ. ಮೊದಲ ಕಂತು ಹಾಕಿದೆವು. ಉಪ್ಪು ಹೀರುವ ಆ ರಾಕ್ಷಸಿಯನ್ನು ಕಂಡು ಮಗಳು ಬಿದ್ದು ಬಿದ್ದು ನಕ್ಕಳು. ತಂದೆ ಮುಖ ಊದಿಸಿಕೊಂಡು ಎದ್ದು ಹೋದರು. ಮಕ್ಕಳಿಗೆ ಇದನ್ನು ತೋರಿಸಿದವರು, ಹಳೆಯ ಅಭಿಮಾನಿಗಳು ದಯವಿಟ್ಟು ನಿಮ್ಮ ಅನುಭವ ಹೇಳಿ. ಕ್ರಮವಾಗಿಯೇ ನೋಡಬೇಕೇ? ಆರಿಸಿಕೊಳ್ಳುವುದಾದರೆ ಯಾವುದನ್ನು?

ಧಾರವಾಡದ ನಿವೃತ್ತ ಅಧ್ಯಾಪಕಿ:

ಕ್ರಮದ ಗೊಡವೆ ಬಿಡಿ. 1966ರ ಸೆಪ್ಟೆಂಬರ್‌ನಿಂದ 1969ರ ಜೂನ್‌ವರೆಗೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಒಟ್ಟು 79 ಕಂತುಗಳು ಬಂದವು, ಹೆಚ್ಚುಕಡಿಮೆ ಎಲ್ಲವೂ ಬಿಡಿ ಕತೆಗಳು. ನೀವು ಹಾಕಿದ ‘ದ ಮ್ಯಾನ್ ಟ್ರ್ಯಾಪ್’ ಮೊದಲು ಪ್ರಸಾರವಾಯಿತೇ ಹೊರತು ಮೊದಲು ತಯಾರಾದದ್ದಲ್ಲ. ಧಾರಾವಾಹಿಗೆ ವಾಹಿನಿಯ ಒಪ್ಪಿಗೆ ತಂದುಕೊಟ್ಟ ಕಂತನ್ನು ಅವರು ಮೂರನೆಯದಾಗಿ ಪ್ರಸಾರ ಮಾಡಿದರು. ಅವರಿಗೇ ಇಲ್ಲದ ಮಡಿ ನಮಗೇಕೆ?

ನನ್ನ ಮೊಮ್ಮಗನಿಗೆ ನಾನು ಮೊದಲು ತೋರಿಸಿದ್ದು ‘ದ ಡೆವಿಲ್ ಇನ್ ದ ಡಾರ್ಕ್’. ದೂರದ ಗ್ರಹವೊಂದರ ಗಣಿಯಲ್ಲಿ ಯಾವುದೋ ಪ್ರಾಣಿ ಕೆಲಸಗಾರರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಿರುತ್ತದೆ. ಅದು ಕಣ್ಣಿಗೆ ಬಿದ್ದಾಗ ಹಂಚಿನ ಮೇಲೆ ಮರೆತ ಉತ್ತಪ್ಪದ ಹಾಗೆ ಕಾಣುತ್ತದೆ. ಯಾನೋಶ್ ಪ್ರೊಹಾಸ್ಕಾ ಎಂಬ ಕಲಾವಿದ ತಾನೇ ಮಾಡಿದ ಆ ವೇಷದೊಳಗೆ ತೆವಳುತ್ತಿದ್ದಾರೆ ಎಂಬುದು ಯಾರಿಗೂ ಗೊತ್ತಾಗುವಂಥದ್ದು. ಹುಡುಗ ನಕ್ಕ, ನಾನು ಸುಮ್ಮನಿದ್ದೆ. ನೌಕೆಯ ಅನ್ಯಗ್ರಹದ ಅಧಿಕಾರಿ ಸ್ಪಾಕ್ ಆ ಪ್ರಾಣಿಯ ಮೈಮೇಲೆ ಕೈಯಿಟ್ಟು ಅದರ ನೋವನ್ನು ತಾನು ಅನುಭವಿಸಿ ಕೂಗುವ ಹೊತ್ತಿಗೆ ನಗು ತಾನಾಗಿಯೇ ನಿಂತಿತ್ತು. ಪ್ರಾಣಿ ಏಕೆ ಕೊಲ್ಲುತ್ತಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಇಡೀ ಕಂತು ನಿಂತಿರುವುದೇ ಅದರ ಮೇಲೆ. ನಿಮ್ಮ ತಂದೆಯವರಿಗೂ ಬಾಯಿ ಬಿಡಬಾರದೆಂದು ತಾಕೀತು ಮಾಡಿ. ನಮ್ಮ ವಯಸ್ಸಿನ ಅಭಿಮಾನಿಗಳಿಗೆ ಮುಂದಿನದನ್ನು ಮೊದಲೇ ಹೇಳುವ ಕೆಟ್ಟ ಚಟವಿದೆ.

ಇನ್ನೊಂದು ಮಾತು. ನಿಮ್ಮ ತಂದೆಯವರೂ ನಾನೂ ಅಂದು ನೋಡಿದ ಸ್ಟಾರ್ ಟ್ರೆಕ್ ಈಗ ನಿಮ್ಮ ಪರದೆಯ ಮೇಲೆ ಬರುವುದಲ್ಲ. ನಮ್ಮ ಮನೆಯಲ್ಲಿದ್ದುದು ಕಪ್ಪು-ಬಿಳುಪು ಟಿವಿ. ಕೆಂಪು ಅಂಗಿಯವನು ಗ್ರಹಕ್ಕೆ ಇಳಿದರೆ ಜೀವಂತ ಮರಳುವುದಿಲ್ಲ ಎಂಬ ಜಗತ್ಪ್ರಸಿದ್ಧ ತಮಾಷೆ ನಮಗೆ ಹೊಳೆಯುವ ದಾರಿಯೇ ಇರಲಿಲ್ಲ, ಎಲ್ಲರ ಅಂಗಿಯೂ ಬೂದು. ಅಮೆರಿಕದಲ್ಲಿ ಮಾತ್ರ ಬಣ್ಣವೇ ಬಂಡವಾಳವಾಗಿತ್ತು. ಎನ್‌ಬಿಸಿಯ ಒಡೆತನ ಇದ್ದುದು ಬಣ್ಣದ ಟಿವಿ ಮಾರುತ್ತಿದ್ದ ಆರ್‌ಸಿಎ ಕಂಪನಿಯ ಕೈಯಲ್ಲಿ. ನೇರಳೆ ಗೋಡೆ, ಕಿತ್ತಳೆ ಆಕಾಶ ಎಲ್ಲ ಈಗ ಮಕ್ಕಳಿಗೆ ಬಣ್ಣದ ಅಂಗಡಿಯಂತೆ ಕಂಡರೆ ಅಚ್ಚರಿಯಿಲ್ಲ. ಒಮ್ಮೆ ಟಿವಿಯ ಬಣ್ಣವನ್ನು ಪೂರ್ತಿ ಇಳಿಸಿ ‘ಬ್ಯಾಲೆನ್ಸ್ ಆಫ್ ಟೆರರ್’ ಹಾಕಿ. ಎರಡು ನೌಕೆಗಳು ಒಂದನ್ನೊಂದು ಕಾಣದೆ ಹೊಂಚು ಹಾಕುವ ಕತೆ, ಜಲಾಂತರ್ಗಾಮಿಗಳ ಯುದ್ಧದ ಬಿಗಿ ಅದಕ್ಕಿದೆ. ನೆರಳು-ಬೆಳಕಿನಲ್ಲಿ ಅದು ಇನ್ನೂ ಚೆನ್ನ. ರಟ್ಟಿನ ಗೋಡೆ ರಟ್ಟಿನದೆಂದು ತಿಳಿಯುವುದೇ ಇಲ್ಲ.

ನ್ಯೂಜೆರ್ಸಿಯಲ್ಲಿರುವ ಹಾಸನದವರು:

ಮೇಡಂ ಅವರ ಮಾತಿಗೆ ನನ್ನದೊಂದು ತಕರಾರು. ಕತೆಗಳು ಬಿಡಿಯಾದರೂ ನೌಕೆಯ ನಾಯಕ ಕರ್ಕ್, ಸ್ಪಾಕ್, ಡಾಕ್ಟರ್ ಮೆಕಾಯ್ ಮೂವರ ಸಲಿಗೆ ಬಿಡಿಯಲ್ಲ, ಅದು ಕಂತಿನಿಂದ ಕಂತಿಗೆ ಬೆಳೆಯುತ್ತದೆ. 1967ರ ಏಪ್ರಿಲ್‌ನಲ್ಲಿ ಬಂದ ‘ದ ಸಿಟಿ ಆನ್ ದ ಎಡ್ಜ್ ಆಫ್ ಫಾರೆವರ್’ ಕಂತನ್ನು ಒಳ್ಳೆಯದೆಂದು ಎಲ್ಲರೂ ಹೊಗಳುತ್ತಾರೆಂಬ ಕಾರಣಕ್ಕೆ ಮೊದಲೇ ತೋರಿಸಿದರೆ, ಕೊನೆಯಲ್ಲಿ ಕರ್ಕ್ ತೆಗೆದುಕೊಳ್ಳುವ ತೀರ್ಮಾನ ಮಗುವಿಗೆ ಏನೂ ಅಲ್ಲ. ಅಷ್ಟರೊಳಗೆ ಅವನು ಮನೆಯವನಾಗಿರಬೇಕು. ಹಾಗಾಗಿ ಆರಿಸಿಕೊಳ್ಳಿ, ಆದರೆ ಆರಿಸಿದ್ದನ್ನು ಕ್ರಮದಲ್ಲಿ ನೋಡಿ.

ಮೂರನೆಯ ವರ್ಷದ ಕಂತುಗಳ ಬಗ್ಗೆ ಎಚ್ಚರ. ನಿಲ್ಲಬೇಕಿದ್ದ ಧಾರಾವಾಹಿಯನ್ನು ಬ್ಯೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಮುಂದೆ ನಿಂತು ನಡೆಸಿದ ಪತ್ರ ಚಳವಳಿ ಉಳಿಸಿತು. 1968ರ ಮಾರ್ಚ್‌ನಲ್ಲಿ ವಾಹಿನಿಯವರು ಧಾರಾವಾಹಿ ಮುಂದುವರಿಯುತ್ತದೆಂದು ಟಿವಿಯಲ್ಲೇ ಪ್ರಕಟಿಸಬೇಕಾಯಿತು. ಆಮೇಲೆ ಸೇಡು ತೀರಿಸಿಕೊಂಡಂತೆ ಶುಕ್ರವಾರ ರಾತ್ರಿ ಹತ್ತು ಗಂಟೆಗೆ ತಳ್ಳಿದರು, ಹಣವನ್ನೂ ಕಡಿಮೆ ಮಾಡಿದರು. ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ದಿನನಿತ್ಯದ ಕೆಲಸದಿಂದ ಹಿಂದೆ ಸರಿದರು. ಆ ವರ್ಷ ಶುರುವಾದದ್ದು ‘ಸ್ಪಾಕ್ಸ್ ಬ್ರೇನ್’ ಕಂತಿನಿಂದ: ಯಾರೋ ಬಂದು ಸ್ಪಾಕನ ಮಿದುಳನ್ನೇ ಕದ್ದೊಯ್ಯುತ್ತಾರೆ. ನಿಮ್ಮ ಮಗಳಿಗೆ ನಗಲೇಬೇಕಿದ್ದರೆ ಅದನ್ನು ಹಾಕಿ, ತಂದೆಯವರೂ ಜೊತೆಗೆ ನಗುತ್ತಾರೆ. ಅದನ್ನು ಸಮರ್ಥಿಸುವ ಅಭಿಮಾನಿಯನ್ನು ನಾನಿನ್ನೂ ಕಂಡಿಲ್ಲ.

2006ರಲ್ಲಿ ನೌಕೆ, ಗ್ರಹಗಳ ದೃಶ್ಯಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿ ಸೇರಿಸಿದರು. ಬ್ಲೂ-ರೇ ತಟ್ಟೆಗಳಲ್ಲಿ ಹಳೆಯದು, ಹೊಸದು ಎರಡೂ ಇವೆ, ಬೇಕಾದದ್ದನ್ನು ಆರಿಸಬಹುದು. ನನಗೆ ಹಳೆಯದೇ ಇಷ್ಟ. ಆಗಿನ ಎಂಟರ್‌ಪ್ರೈಸ್ ನೌಕೆ ಹನ್ನೊಂದು ಅಡಿ ಉದ್ದದ, ಬಹುಪಾಲು ಮರದ ಮಾದರಿ. ಈಗ ವಾಷಿಂಗ್ಟನ್ನಿನ ವಾಯುಯಾನ ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿದೆ. ನನ್ನ ಮಗ ಅಲ್ಲಿ ಅದನ್ನು ಸುತ್ತು ಹಾಕಿ ಎಡಗಡೆ ಏಕೆ ಬೋಳು ಎಂದು ಕೇಳಿದ. ದೀಪಗಳ ತಂತಿಗಳೆಲ್ಲ ಆ ಕಡೆಯಿಂದ ಒಳಗೆ ಹೋಗುತ್ತಿದ್ದವು, ಕ್ಯಾಮೆರಾ ಹಿಡಿಯುತ್ತಿದ್ದುದು ಬಲಗಡೆಯನ್ನು ಮಾತ್ರ. ಅಂದಿನಿಂದ ಅವನು ಕತೆಗಿಂತ ಹೆಚ್ಚಾಗಿ ‘ಇದನ್ನು ಹೇಗೆ ಮಾಡಿದರು’ ಎಂದೇ ನೋಡುತ್ತಾನೆ. ಗ್ರಹದ ಮೇಲೆ ನೌಕೆ ಇಳಿಸಿ ಚಿತ್ರಿಸಲು ದುಡ್ಡು ಸಾಲದೆ ಮನುಷ್ಯರನ್ನೇ ಮಿನುಗಿಸಿ ಮಾಯ ಮಾಡುವ ಯಂತ್ರವನ್ನು ಕಲ್ಪಿಸಿದರು ಎಂದು ತಿಳಿದ ದಿನ ಅವನಿಗೆ ಆದ ಸಂತೋಷ ಹೇಳತೀರದು. ನಗುವ ಮಗುವಿಗೆ ಈ ದಾರಿ ಹಿಡಿಸಬಹುದು.

ಬೆಂಗಳೂರಿನ ತಾಯಿಯೊಬ್ಬರು:

ಹೆಣ್ಣುಮಗಳ ಜೊತೆ ನೋಡುತ್ತೀರೆಂದು ಹೇಳುತ್ತಿದ್ದೇನೆ: ನಗು ದೊಡ್ಡ ವಿಷಯವಲ್ಲ, ಪ್ರಶ್ನೆಗಳಿಗೆ ಸಿದ್ಧರಾಗಿ. ‘ಇವರೆಲ್ಲ ಏಕೆ ಇಷ್ಟು ಗಿಡ್ಡ ಲಂಗದಲ್ಲಿ ಕೆಲಸ ಮಾಡುತ್ತಾರೆ’ ಎಂದು ನನ್ನ ಮಗಳು ಕೇಳಿದಳು. ವಾಹಿನಿ ತಿರಸ್ಕರಿಸಿದ ಮೊಟ್ಟಮೊದಲ ಮಾದರಿ ಕಂತು ‘ದ ಕೇಜ್’ನಲ್ಲಿ ನೌಕೆಯ ಎರಡನೆಯ ಅಧಿಕಾರಿ ಹೆಂಗಸು, ಪ್ಯಾಂಟನ್ನೇ ತೊಟ್ಟಿದ್ದಾಳೆ. ಮುಂದಿನ ಮಾದರಿಯಲ್ಲಿ ಆ ಪಾತ್ರವೇ ಇಲ್ಲ. ಕಟ್ಟಕಡೆಯ ಕಂತು ‘ಟರ್ನ್‌ಅಬೌಟ್ ಇನ್‌ಟ್ರೂಡರ್’ ಹೆಂಗಸರಿಗೆ ನಾಯಕರ ಲೋಕದಲ್ಲಿ ಜಾಗವಿಲ್ಲ ಎಂಬರ್ಥದ ಮಾತನ್ನೇ ಆಡುತ್ತದೆ. ಧಾರಾವಾಹಿಯ ಪರ ವಕಾಲತ್ತು ವಹಿಸಬೇಡಿ. ತಪ್ಪು ಎಂದು ಅವಳು ಹೇಳಲಿ, ತಾತನೂ ಕೇಳಲಿ.

ಹಾಗೆಂದು ನೌಕೆಯ ಸಂಪರ್ಕಾಧಿಕಾರಿ ಉಹುರಾಳನ್ನು ಮರೆಯಬೇಡಿ. ಆ ಪಾತ್ರ ಮಾಡಿದ ನಿಶೆಲ್ ನಿಕಲ್ಸ್ ಮೊದಲ ವರ್ಷದ ಕೊನೆಗೆ ಬಿಟ್ಟುಹೋಗಲು ನಿರ್ಧರಿಸಿದ್ದರು, ತಡೆದವರು ಮಾರ್ಟಿನ್ ಲೂಥರ್ ಕಿಂಗ್. ಈ ಪ್ರಸಂಗವನ್ನು ನಿಕಲ್ಸ್ ಅವರೇ ಅನೇಕ ಸಲ ಹೇಳಿಕೊಂಡಿದ್ದಾರೆ. ಮುಂದೆ 1977ರಲ್ಲಿ ಅವರು ಗಗನಯಾತ್ರಿಗಳಾಗಲು ಮುಂದೆ ಬನ್ನಿ ಎಂದು ಮಹಿಳೆಯರನ್ನೂ ಕರಿಯರನ್ನೂ ಕರೆಯುವ ಕೆಲಸವನ್ನು ನಾಸಾ ಪರವಾಗಿ ಮಾಡಿದರು. ಆ ಧಾರಾವಾಹಿಗೆಂದೇ ಅಭಿಮಾನಿಗಳು ಹೊರತಂದ ಮೊದಲ ಪತ್ರಿಕೆ ‘ಸ್ಪಾಕನೇಲಿಯಾ’ವನ್ನು 1967ರಲ್ಲಿ ಶುರು ಮಾಡಿದವರೂ ಇಬ್ಬರು ಹೆಂಗಸರೇ. ಇದು ಗಂಡುಹುಡುಗರ ಹುಚ್ಚು ಎನ್ನುವವರಿಗೆ ನನ್ನ ಮಗಳು ಈಗ ಇದನ್ನೇ ಹೇಳುತ್ತಾಳೆ, ಸ್ವಲ್ಪ ಜೋರಾಗಿಯೇ.

ಮಂಗಳೂರಿನಿಂದ:

‘ಸ್ಪೇಸ್ ಸೀಡ್’ ಬಿಡಬೇಡಿ. ಖಳನಾಯಕನ ಹೆಸರು ಖಾನ್ ನೂನಿಯನ್ ಸಿಂಗ್! ಉತ್ತರ ಭಾರತದ ಸಿಖ್ಖನಿರಬೇಕು ಎಂದು ನೌಕೆಯ ಇತಿಹಾಸಜ್ಞೆ ಊಹಿಸುತ್ತಾಳೆ. ಪಾತ್ರಧಾರಿ ಮೆಕ್ಸಿಕೊದಲ್ಲಿ ಹುಟ್ಟಿದ ರಿಕಾರ್ಡೊ ಮೊಂಟಲ್ಬಾನ್, ಪೇಟ ಕಾಣುವುದು ಆಕೆ ಬರೆದ ಚಿತ್ರದಲ್ಲಿ ಮಾತ್ರ. ಆ ಹೆಸರು ಕೇಳಿದಾಗಲೆಲ್ಲ ನಮ್ಮ ಮನೆಯಲ್ಲಿ ಕಾಫಿ ಲೋಟ ಕೆಳಗಿಡಬೇಕಾಗುತ್ತದೆ. 1990ರ ದಶಕದಲ್ಲಿ ಅವನು ಭೂಮಿಯ ಕಾಲು ಭಾಗವನ್ನು ಆಳಿದ್ದನಂತೆ! ಭಾರತದ ನಂಟು ಬೇಕೆಂದರೆ 1979ರ ಸ್ಟಾರ್ ಟ್ರೆಕ್ ಚಲನಚಿತ್ರದಲ್ಲಿ ತಲೆ ಬೋಳಿಸಿಕೊಂಡು ಇಲಿಯಾ ಎಂಬ ಪಾತ್ರ ಮಾಡಿದ ಪರ್ಸಿಸ್ ಖಂಬಾಟಾ ಇದ್ದಾರೆ, 1965ರ ಮಿಸ್ ಇಂಡಿಯಾ. ಆದರೆ ಆ ಚಿತ್ರ ಮಕ್ಕಳಿಗೆ ತೀರಾ ನಿಧಾನ.

ತುಮಕೂರಿನ ದರ್ಜಿ:

ಅಂಗಿ, ಆಟಿಕೆಗಳಿಗೆ ದುಡ್ಡು ಸುರಿಯಬೇಡಿ. ಆನ್‌ಲೈನ್‌ನಲ್ಲಿ ತರಿಸಿದ ಕರ್ಕ್ ಅಂಗಿಗಳನ್ನು ಸರಿಪಡಿಸಿಕೊಡಿ ಎಂದು ನನ್ನ ಬಳಿ ತರುತ್ತಾರೆ. ಬಟ್ಟೆ ತೀರಾ ತೆಳು, ಹೊಲಿಗೆ ಅದಕ್ಕಿಂತ ಕಳಪೆ. ಅಸಲಿ ಅಂಗಿಗಳ ಪಾಡೂ ಅಷ್ಟಕ್ಕಷ್ಟೆ: ಮೊದಲ ಎರಡು ವರ್ಷ ಬಳಸಿದ ವೆಲೂರ್ ಎಂಬ ಮಕಮಲ್ಲಿನಂಥ ಬಟ್ಟೆ ಒಗೆದ ಹಾಗೆಲ್ಲ ಕುಗ್ಗುತ್ತಿತ್ತು, ಮೂರನೆಯ ವರ್ಷ ನೈಲಾನಿಗೆ ಬದಲಾಯಿಸಿದರು. ಕರ್ಕ್ ಅಂಗಿಯ ಬಣ್ಣವೂ ಹೊಂಬಣ್ಣವಲ್ಲ, ಹಸಿರು. ದೀಪದ ಬೆಳಕಿಗೆ ಫಿಲ್ಮಿನಲ್ಲಿ ಹೊಂಬಣ್ಣವಾಗಿ ಕಾಣುತ್ತಿತ್ತು. ಬದಲಿಗೆ ‘ದ ಟ್ರಬಲ್ ವಿತ್ ಟ್ರಿಬಲ್ಸ್’ ತೋರಿಸಿ, ತಡೆಯಿಲ್ಲದೆ ಮರಿ ಹಾಕುವ ತುಪ್ಪಳದ ಉಂಡೆಗಳ ಕತೆ ಅದು. ಆಮೇಲೆ ಕಾಲು ಮೀಟರ್ ತುಪ್ಪಳದ ಬಟ್ಟೆ, ಒಂದಿಷ್ಟು ಹತ್ತಿ ತನ್ನಿ. ವೃತ್ತಾಕಾರವಾಗಿ ಕತ್ತರಿಸಿ, ಅಂಚಿಗೆ ಓಡುಹೊಲಿಗೆ ಹಾಕಿ, ಹತ್ತಿ ತುಂಬಿ ದಾರ ಎಳೆದರೆ ಮುಗಿಯಿತು. ಕಣ್ಣು, ಬಾಯಿ, ಕಾಲು ಏನೂ ಬೇಡ. ದಾರ ಮಾತ್ರ ಎರಡೆಳೆ ಇರಲಿ, ಒಂದೆಳೆಯಾದರೆ ಎಳೆಯುವಾಗಲೇ ಕಿತ್ತುಹೋಗುತ್ತದೆ.